ತಿರೇಸಾ ಮಿಸ್ಸಿನ ಚೊಕ್ಕ ಹಾಳೆಗಳು

ಶಾಲೆಯ ಹನ್ನೊಂದನೆಯ ವರ್ಷದ ಗಣಿತಕ್ಕೆ ಏನೇನು ಖರ್ಚಾಗುತ್ತದೆ ಎಂಬುದನ್ನು ತಿರೇಸಾ ಪ್ರತಿ ಫೆಬ್ರವರಿಯಲ್ಲಿ ಪಾಲಕರ ಮುಂದೆ ನಿಂತು ಹೇಳುತ್ತಿದ್ದಳು. ಕ್ಯಾಲ್ಕುಲೇಟರಿಗೆ ಮೂವತ್ತು ಡಾಲರು, ಅದನ್ನು ಮನೆಯ ಚಿಕ್ಕ ಮಕ್ಕಳ ಕೈಗೆ ಕೊಟ್ಟರೆ ಇನ್ನೊಂದು ಮೂವತ್ತು. ‘ಅಚೀವ್ಡ್’ ದರ್ಜೆ ಸಾಕು ಅನ್ನುವವರ ಮಗು ದಿನಾ ಶಾಲೆಗೆ ಬಂದು, ಹೇಳಿಕೊಟ್ಟ ವಿಧಾನವನ್ನು ಹೇಳಿಕೊಟ್ಟ ಹಾಗೆಯೇ ಮಾಡಿದರೆ ಆಯಿತು. ಅದಕ್ಕಿಂತ ಮೇಲಿನ ‘ಮೆರಿಟ್’ ಬೇಕಿದ್ದರೆ ಸೂತ್ರವನ್ನು ತಾನೇ ಕಟ್ಟಬೇಕು, ಅದರ ಒಂದೊಂದು ಅಂಕಿ ಎಲ್ಲಿಂದ ಬಂತು ಎಂದು ಹೇಳಬೇಕು. ಅದಕ್ಕೆ ವಾರಕ್ಕೆ ಎರಡು ಸಂಜೆ ಚರ್ಚಿನ ಹಾಡಿನ ಅಭ್ಯಾಸ ತಪ್ಪುತ್ತದೆ, ಪಾದ್ರಿಗಳು ಮುನಿಸಿಕೊಂಡರೆ ತನ್ನ ಹೆಸರು ಹೇಳಬಹುದು. ಎಲ್ಲಕ್ಕಿಂತ ಮೇಲಿನ ‘ಎಕ್ಸಲೆನ್ಸ್’ಗೆ ಎಷ್ಟು ಎಂದು ಯಾರಾದರೂ ಕೇಳಿದರೆ ಮಾತ್ರ, ಅದು ದೇವರು ಕೊಟ್ಟರೆ ಉಂಟು ಎಂದು ನಕ್ಕುಬಿಡುತ್ತಿದ್ದಳು.

ಮಾಂಗೆರೆಯ ಆ ಶಾಲೆಯಲ್ಲಿ ಅವಳದು ಇಪ್ಪತ್ತೆರಡು ವರ್ಷದ ಚಾಕರಿ. ಸಮೋವಾ ದ್ವೀಪಗಳಿಂದ ಬಂದು ಆ ಊರಿನಲ್ಲಿ ನೆಲೆಸಿದವರ ಮನೆಗಳಲ್ಲಿ ಅರ್ಧಕ್ಕರ್ಧ ಜನ ಅವಳ ಕೈಯಲ್ಲಿ ಬೀಜಗಣಿತ ಕಲಿತವರು. ಅವಳ ತರಗತಿಗೆ ಒಂದು ಪದ್ಧತಿಯಿತ್ತು. ಮಕ್ಕಳು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಅವಳು “ಒರೆಸಿ” ಅನ್ನುವಳು. ಇಪ್ಪತ್ತೇಳು ರಬ್ಬರುಗಳು ಒಟ್ಟಿಗೆ ಕೆಲಸಕ್ಕೆ ಇಳಿಯುವವು. ಕಚ್ಚಾ ಲೆಕ್ಕ, ತಪ್ಪಿದ ದಾರಿ, ಅನುಮಾನದ ಗೀಟು ಎಲ್ಲ ಹೋಗಿ ವಿಧಾನ ಮತ್ತು ಉತ್ತರ ಮಾತ್ರ ಉಳಿಯಬೇಕು. ಸಮೋವಾದ ಸವಾಯಿ ದ್ವೀಪದಲ್ಲಿ ಅವಳ ಅಪ್ಪ ಮೇಷ್ಟರಾಗಿದ್ದರು. ಓದುವವರ ಮುಂದೆ ಕೊಳಕು ಹಾಳೆ ಇಡುವುದೂ ಒಂದೇ, ಭಾನುವಾರ ಕೊಳಕು ಬಟ್ಟೆಯಲ್ಲಿ ದೇವರ ಮುಂದೆ ಹೋಗುವುದೂ ಒಂದೇ ಎಂದು ಅವರು ಕಲಿಸಿದ್ದರು. ಪಾಲಕರು ತಮ್ಮ ಮಕ್ಕಳ ಹಾಳೆ ನೋಡಿ ಕಣ್ಣರಳಿಸುತ್ತಿದ್ದರು. ಒಬ್ಬ ಅಜ್ಜಿ ಮೊಮ್ಮಗನ ಉತ್ತರಪತ್ರಿಕೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು.

ಇಂಥ ಹೊತ್ತಿನಲ್ಲಿ ಲೆಮುಯೇಲು ಬಂದ. ಹನ್ನೆರಡು ವರ್ಷದ ಹಿಂದೆ ಅವಳ ತರಗತಿಯಲ್ಲೇ ಮೂರನೆಯ ಸಾಲಿನಲ್ಲಿ ಕೂತು ಎಲ್ಲದರಲ್ಲೂ ಮೆರಿಟ್ ತೆಗೆದ ಹುಡುಗ. ವಿಶ್ವವಿದ್ಯಾಲಯ ಮುಗಿಸಿ, ಮೇಷ್ಟರ ತರಬೇತಿ ಮುಗಿಸಿ, ಪಕ್ಕದ ಕೊಠಡಿಗೆ ಶಿಕ್ಷಕನಾಗಿ ಸೇರಿಕೊಂಡ. ಮೊದಲ ದಿನ ತಿರೇಸಾಳೇ ಅವನ ಕೊರಳಿಗೆ ಹೂಮಾಲೆ ಹಾಕಿದ್ದಳು, ಇವನು ನನ್ನ ಹುಡುಗ ಎಂದು ಎಲ್ಲರಿಗೂ ತೋರಿಸಿದ್ದಳು. ಆ ಸಂತೋಷ ಒಂದು ಟರ್ಮು ಬಾಳಿತು.

ಎರಡು ಕೊಠಡಿಗಳ ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಆಚೆಯಿಂದ ಮಕ್ಕಳು ವಾದಿಸುವುದು, ನಗುವುದು, ಮತ್ತೆ ಒಮ್ಮೆಲೇ ಸುಮ್ಮನಾಗುವುದು ಕೇಳಿಸುತ್ತಿತ್ತು. ಗಲಾಟೆಯನ್ನು ಅವಳು ಕ್ಷಮಿಸಬಲ್ಲಳು. ಸಹಿಸಲಾಗದ್ದು ಆ ಸುಮ್ಮನಾಗುವಿಕೆ. ಮೂವತ್ತು ಮಕ್ಕಳು ಹೇಳಿಸಿಕೊಳ್ಳದೆ ತಾವಾಗಿಯೇ ಯೋಚನೆಗೆ ಬೀಳುವ ಆ ಮೌನ ಅವಳ ಕೊಠಡಿಗೆ ಯಾವತ್ತೂ ಬಂದಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಅವಳ ಬಾಗಿಲು ದಾಟಿ ಅವನ ಬಾಗಿಲಿಗೆ ಹೋಗುತ್ತಿದ್ದರು. ಶುಕ್ರವಾರ ಶುಕ್ರವಾರ ತಾಯಂದಿರು ತೆಂಗಿನ ಹಾಲಿನಲ್ಲಿ ಬೇಯಿಸಿದ ಬನ್ನು ತರುವ ರೂಢಿ. ಮೊದಲು ತಟ್ಟೆ ಅವಳ ಮೇಜಿಗೆ ಬಂದು ಆಮೇಲೆ ಬೇರೆಯವರಿಗೆ ಹೋಗುತ್ತಿತ್ತು. ಈಗ ಅವನ ಕೊಠಡಿ ಸುತ್ತಿ ಬಂದು ಇಲ್ಲಿಗೆ ಮುಟ್ಟುವಾಗ ಮೂಲೆಯ ಸೀದ ಎರಡು ಉಳಿದಿರುತ್ತಿದ್ದವು. ಲೆಮುಯೇಲು ಅದರಲ್ಲೇ ಚೆನ್ನಾಗಿರುವುದನ್ನು ಆರಿಸಿ ಎರಡು ಕೈಯಲ್ಲಿ ಹಿಡಿದು ತಂದು ಕೊಡುವನು. ಅವನಿಗೆ ಮರ್ಯಾದೆ ಗೊತ್ತಿಲ್ಲ ಎಂದು ದೂರುವ ಸುಖವೂ ಅವಳಿಗಿರಲಿಲ್ಲ.

ಕಳೆದ ವರ್ಷ ಅವನ ತರಗತಿಗೆ ಆರು ಎಕ್ಸಲೆನ್ಸ್ ಬಂದಿದ್ದವು, ಅವಳದಕ್ಕೆ ಒಂದು. ಈ ವರ್ಷದ ಮೊದಲಲ್ಲಿ ವಿಭಾಗದ ಮುಖ್ಯಸ್ಥೆ ಇನ್ನೊಂದು ಏಟು ಕೊಟ್ಟರು. ಹನ್ನೆರಡನೆಯ ವರ್ಷದ ಮೇಲ್ಮಟ್ಟದ ಗಣಿತ ತರಗತಿ, ಕಲನಶಾಸ್ತ್ರದ ಕಡೆಗೆ ಹೋಗುವವರದು, ಹದಿನಾಲ್ಕು ವರ್ಷ ತಿರೇಸಾಳದ್ದಾಗಿತ್ತು. ಮುಂದಿನ ವರ್ಷದಿಂದ ಅದು ಲೆಮುಯೇಲುವಿಗೆ. ಆ ತರಗತಿಗೆ ಸೇರಬೇಕಾದವರು ಆಗಸ್ಟಿನ ಬೀಜಗಣಿತ ಪರೀಕ್ಷೆಯಲ್ಲಿ ಎಕ್ಸಲೆನ್ಸ್ ತೆಗೆಯಲೇಬೇಕು.

ಅವಳ ಅಣ್ಣನ ಮಗಳು ಎಸೇತಾ ಆ ಜಾಗಕ್ಕೆ ಕಣ್ಣಿಟ್ಟಿದ್ದಳು. ಸಮೋವಾದಿಂದ ಓದಲಿಕ್ಕೆಂದು ಬಂದು ಮೂರು ವರ್ಷದಿಂದ ತಿರೇಸಾಳ ಮನೆಯಲ್ಲೇ ಇದ್ದ ಹುಡುಗಿ, ಈ ವರ್ಷ ಅವಳದೇ ತರಗತಿಯಲ್ಲಿದ್ದಳು. ಮನೆಯಲ್ಲಿ ‘ಅತ್ತೆ’ ಅನ್ನುವಳು, ಶಾಲೆಯ ಗೇಟು ದಾಟಿದ ಕೂಡಲೇ ‘ಮಿಸ್’ ಅನ್ನುವಳು. ಹಡಗು ಕಟ್ಟುವುದನ್ನು ಕಲಿಯಬೇಕು, ಅದಕ್ಕೆ ಕಲನಶಾಸ್ತ್ರ ಬೇಕು ಎಂದು ಅವಳು ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು.

ಆಗಸ್ಟಿನ ಪ್ರಶ್ನೆ ಚರ್ಚಿನ ಊಟದ ಮನೆಯದೇ. ಒಂದು ಉದ್ದ ಮೇಜಿಗೆ ಆಚೆ ಇಬ್ಬರು, ಈಚೆ ಇಬ್ಬರು, ತುದಿಗಳಲ್ಲಿ ಒಬ್ಬೊಬ್ಬರು ಕೂರುತ್ತಾರೆ. ಮೇಜುಗಳನ್ನು ತುದಿಗೆ ತುದಿ ಸೇರಿಸುತ್ತ ಹೋದರೆ ಹತ್ತು ಮೇಜಿಗೆ ಎಷ್ಟು ಕುರ್ಚಿ? ನಲವತ್ತೆರಡು ಎಂದು ಎಣಿಸಿ ಹೇಳಿದರೆ ಅಚೀವ್ಡ್. ಮೇಜಿನ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ ಎರಡು ಕೂಡಿಸು ಎಂಬ ಸೂತ್ರ ಕಟ್ಟಿ, ಆ ಎರಡು ಎಲ್ಲಿಂದ ಬಂತು ಎಂದು ವಿವರಿಸಿದರೆ ಮೆರಿಟ್. ಕೊನೆಯ ಪ್ರಶ್ನೆ: ನಾಲ್ಕು ನಾಲ್ಕು ಜನರ ಕುಟುಂಬಗಳೇ ಬಂದರೆ ಒಂದು ಕುರ್ಚಿಯೂ ಖಾಲಿ ಉಳಿಯದಂತೆ ಕೂರಿಸಲು ಎಂದಾದರೂ ಸಾಧ್ಯವೇ? ಸಾಧ್ಯವಿಲ್ಲ ಎಂದರೆ ಸಾಲದು. ಎಷ್ಟೇ ಮೇಜು ಹಾಕಿದರೂ ಏಕೆ ಸಾಧ್ಯವಿಲ್ಲ ಎಂದು ಹೇಳಬೇಕು, ಮಾತಿನಲ್ಲಾದರೂ ಸರಿ, ಸೂತ್ರದಲ್ಲಾದರೂ ಸರಿ. ಮೌಲ್ಯಮಾಪನದ ಹಾಳೆಯಲ್ಲಿ ಹಾಗೆಂದೇ ಬರೆದಿತ್ತು.

ಒಬ್ಬರ ತರಗತಿಯ ಉತ್ತರಪತ್ರಿಕೆಗಳನ್ನು ಇನ್ನೊಬ್ಬರು ನೋಡಿ ದರ್ಜೆ ಹಾಕಬೇಕೆಂಬುದು ವಿಭಾಗದ ನಿಯಮ. ತಿರೇಸಾ ಅವನ ಕಟ್ಟನ್ನು ತೆಗೆದುಕೊಂಡಳು, ಅವನು ಅವಳ ಕಟ್ಟನ್ನು.

ಅವನ ಮಕ್ಕಳ ಹಾಳೆಗಳು ಗಲೀಜಾಗಿದ್ದವು. ಪೆನ್ನಿನಲ್ಲಿ ಬರೆದು, ತಪ್ಪಿದ ಕಡೆ ಒಂದೇ ಗೆರೆ ಎಳೆದು ಮುಂದುವರಿದಿದ್ದರು. ಆರು ಪತ್ರಿಕೆಗಳಿಗೆ ಎಕ್ಸಲೆನ್ಸ್ ಕೊಡದೆ ಗತಿಯಿರಲಿಲ್ಲ, ಕೊಟ್ಟಳು. ಒಂದೊಂದು ಕೊಡುವಾಗಲೂ ಎದೆಯೊಳಗೆ ಏನೋ ಕಚ್ಚಿದ ಹಾಗಾಗುತ್ತಿತ್ತು. ಏಳನೆಯದು ಪೆನಿನಾ ಎಂಬ ಹುಡುಗಿಯದು. ಹಿಂದಿನ ವರ್ಷ ತಿರೇಸಾಳ ಹತ್ತನೆಯ ವರ್ಷದ ತರಗತಿಯಲ್ಲಿ ಬಾಯಿ ಬಿಡದೆ ಕೂತಿದ್ದ ಹುಡುಗಿ. ಅರ್ಧ ಪುಟ ಹೊಡೆದುಹಾಕಿ ಪಕ್ಕದಲ್ಲಿ ‘ಬರೀ ಎಣಿಸಿದರೆ ಆಗಲ್ಲ’ ಎಂದು ಗೀಚಿದ್ದಳು. ಅದರ ಕೆಳಗೆ: ‘ಪ್ರತಿ ಮೇಜೂ ತನ್ನ ಪಕ್ಕಗಳಲ್ಲಿ ಒಂದು ಕುಟುಂಬವನ್ನು ಪೂರ್ತಿ ಕೂರಿಸಿಕೊಳ್ಳುತ್ತೆ. ಎಷ್ಟು ಮೇಜೋ ಅಷ್ಟು ಕುಟುಂಬ ಆಯ್ತು. ತುದಿಗಳ ಎರಡು ಕುರ್ಚಿ ಮಿಕ್ಕೇ ಮಿಗುತ್ತೆ. ಎರಡು ಕುರ್ಚಿಗೆ ನಾಲ್ಕು ಜನ ಹಿಡಿಯಲ್ಲ. ಸಾವಿರ ಮೇಜು ಹಾಕಿದರೂ ತುದಿ ಎರಡೇ.’

ತಿರೇಸಾ ಅದನ್ನು ಎರಡು ಸಲ ಓದಿದಳು. ಮೂವತ್ತು ವರ್ಷದ ಹಿಂದೆ ಅವಳ ಅಪ್ಪ ಓದಿದ್ದರೂ ತಲೆದೂಗುತ್ತಿದ್ದರು. ಇಷ್ಟು ಚೆನ್ನಾಗಿ ಅವಳೇ ಹೇಳಿಕೊಟ್ಟಿರಲಿಲ್ಲ. ನನ್ನ ಕೊಠಡಿಯಲ್ಲಿ ಒಂದು ವರ್ಷ ಕೂತಾಗ ಈ ಬುದ್ಧಿ ಎಲ್ಲಿ ಅಡಗಿಸಿಟ್ಟುಕೊಂಡಿದ್ದೆಯೇ ಎಂದು ಅವಳಿಗೆ ಹುಡುಗಿಯ ಮೇಲೇ ಸಿಟ್ಟು ಬಂತು. ಸೂತ್ರ ಎಲ್ಲಿದೆ, ಹಾಳೆ ಎಷ್ಟು ಹೊಲಸಾಗಿದೆ, ಹೊಡೆದುಹಾಕಿದ್ದು ಯಾವುದು ಉಳಿಸಿದ್ದು ಯಾವುದು ಎಂದು ತನಗೆ ತಾನೇ ಕಾರಣ ಹೇಳಿಕೊಂಡು, ಮೇಲ್ಗಡೆ ಮೆರಿಟ್ ಎಂದು ಬರೆದಳು. ಬರೆದ ಮೇಲೆ ಚಹಾ ಮಾಡಿಕೊಂಡು ಕುಡಿದಳು. ಚಹಾ ರುಚಿಯಾಗಿಯೇ ಇತ್ತು, ಸುಳ್ಳು ಹೇಳಬಾರದು.

ಮರುದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಅವಳ ಕೊಠಡಿಯಲ್ಲಿ ಎದುರುಬದುರು ಕೂತರು. ಲೆಮುಯೇಲು ತಾನು ನೋಡಿದ ಕಟ್ಟನ್ನು ಮೊದಲು ಬಿಚ್ಚಿದ. ಮೆರಿಟ್ ಒಂಬತ್ತು, ಅಚೀವ್ಡ್ ಹದಿನಾರು, ಒಬ್ಬ ಫೇಲು. ಹಾಳೆಗಳನ್ನು ನೋಡಲಿಕ್ಕೇ ಖುಷಿಯಾಯಿತು ಎಂದ. ಒಂದೇ ಒಂದನ್ನು ಮಾತ್ರ ಪಕ್ಕಕ್ಕಿಟ್ಟಿದ್ದ. ಎಸೇತಾಳದ್ದು. ಕೊನೆಯ ಪ್ರಶ್ನೆಗೆ ಅವಳು ಸೂತ್ರ ಬರೆದು, ಕೆಳಗೆ ‘ಸಾಧ್ಯವಿಲ್ಲ’ ಎಂದು ಅಂದವಾಗಿ ಬರೆದು ನಿಲ್ಲಿಸಿದ್ದಳು. ನಡುವೆ ಬಿಳಿ ಜಾಗ.

“ಇದಕ್ಕೆ ಮೆರಿಟ್ಟೇ ತಾನೇ, ಅದರಲ್ಲಿ ಕೇಳೋದೇನಿದೆ?” ಎಂದಳು ತಿರೇಸಾ.

“ಕಿಟಕಿ ಹತ್ರ ಬನ್ನಿ ಮಿಸ್.”

ಅವನು ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದ. ಬಿಳಿ ಜಾಗದಲ್ಲಿ ಪೆನ್ಸಿಲ್ಲು ಒತ್ತಿದ ಗುರುತುಗಳು ಸಾಲುಸಾಲಾಗಿ ಎದ್ದು ಕಂಡವು. ನಾಲ್ಕರಿಂದ ಭಾಗಿಸಿದ್ದಳು. ಮೇಜುಗಳ ಪಾಲು ನಿಶ್ಶೇಷವಾಗಿ ಹೋಗುತ್ತದೆ, ಎರಡು ಮಾತ್ರ ಉಳಿಯುತ್ತದೆ, ಯಾವಾಗಲೂ ಉಳಿಯುತ್ತದೆ ಎಂದು ಬರೆದಿದ್ದಳು. ‘ಯಾವಾಗಲೂ’ ಎಂಬ ಪದದ ಕೆಳಗೆ ಎರಡು ಗೆರೆ. ಎಲ್ಲ ಬರೆದು, ಗಂಟೆಗೆ ಐದು ನಿಮಿಷ ಇರುವಾಗ ಎಲ್ಲ ಒರೆಸಿದ್ದಳು.

ತಿರೇಸಾ ಹಾಳೆಯನ್ನು ತಾನೇ ಕೈಗೆ ತೆಗೆದುಕೊಂಡು ನೋಡಿದಳು. ಆಮೇಲೆ, ಹೀಗೆ ಬೆಳಕಿಗೆ ಹಿಡಿದು ನೋಡಬೇಕು ಅಂತ ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದಳು.

“ನಾನೂ ಇಲ್ಲೇ ಕೂತು ಒರೆಸ್ದೋನಲ್ವಾ ಮಿಸ್,” ಎಂದ. “ಯಾಕೆ ಅನ್ನೋದೆಲ್ಲ ಕಚ್ಚಾ ಲೆಕ್ಕದಲ್ಲೇ ಇರೋದು. ಅದನ್ನೇ ಒರೆಸಿಬಿಟ್ರೆ ಮೆರಿಟ್ಟಿಗಿಂತ ಮೇಲೆ ಯಾರು ತಾನೇ ಕೊಡ್ತಾರೆ?”

“ಎರಡು ವರ್ಷದಿಂದ ಪಕ್ಕದಲ್ಲೇ ಇದ್ದೀಯ. ಹೇಳ್ಬೇಕು ಅನ್ನಿಸಲಿಲ್ವಾ ನಿನಗೆ?”

“ನಿಮಗೆ? ನಾನು? ನಮ್ಮಮ್ಮ ಚಪ್ಪಲಿ ತಗೊಂಡು ಬರ್ತಿದ್ರು.”

ಅವಳಿಗೆ ನಗು ಬರಲಿಲ್ಲ. ಹಿಂದಿನ ಕಾಲದ ಪರೀಕ್ಷೆಯಲ್ಲಿ ಉತ್ತರಕ್ಕೆ ಅಂಕ ಇತ್ತು, ಚೊಕ್ಕ ಹಾಳೆಗೆ ಬೆಲೆ ಇತ್ತು. ಪರೀಕ್ಷೆ ಬದಲಾಗಿ ಎಷ್ಟೋ ವರ್ಷವಾಗಿದ್ದವು, ರಬ್ಬರು ಮಾತ್ರ ಬದಲಾಗಿರಲಿಲ್ಲ. ಅವಳಿಗೆ ನಾಚಿಕೆಗಿಂತ ಮೊದಲು ಬಂದದ್ದು ಅದೇ ಹಳೆಯ ಉರಿ: ಇವನ ಜಾಣತನವೆಲ್ಲ ಇಷ್ಟೇ, ನನ್ನ ತಪ್ಪು ಇವನಿಗೆ ಗೊತ್ತಿತ್ತು, ಅದನ್ನು ಬಂಡವಾಳ ಮಾಡಿಕೊಂಡು ನನ್ನ ತರಗತಿ ಕಿತ್ತುಕೊಂಡ.

ಅಷ್ಟರಲ್ಲಿ ಲೆಮುಯೇಲು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಒರೆಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ಅದು ಅವನಿಗೂ ಗೊತ್ತು. ಆದರೆ ಹುಡುಗಿ ಯೋಚಿಸಿದ್ದು ನಿಜ, ಕಾಗದದ ಮೇಲೆ ಇರುವುದೂ ನಿಜ. ತಾನು ಎಕ್ಸಲೆನ್ಸ್ ಎಂದು ಬರೆದು ರುಜು ಹಾಕುತ್ತೇನೆ, ಮೇಲಿನವರು ಕೇಳಿದರೆ ಕಿಟಕಿಗೆ ಹಿಡಿದು ತೋರಿಸುತ್ತೇನೆ ಎಂದ. ಪೆನ್ನಿನ ಮುಚ್ಚಳವನ್ನೂ ತೆಗೆದ.

ಅವಳ ಮಡಿಲಲ್ಲಿ ಅವನ ತರಗತಿಯ ಕಟ್ಟು ಇತ್ತು. ಅದರೊಳಗೆ ಪೆನಿನಾಳದ್ದೂ ಇತ್ತು. ಎಲ್ಲರಿಗೂ ಕಾಣುವ ಹಾಗೆ ಬರೆದ ವಿವರಣೆಗೆ ಅವಳು ಮೆರಿಟ್ ಹಾಕಿದ್ದಳು. ಇವನು ಯಾರಿಗೂ ಕಾಣದ ವಿವರಣೆಗೆ ಎಕ್ಸಲೆನ್ಸ್ ಹಾಕಲು ಹೊರಟಿದ್ದಾನೆ, ಅದೂ ಅವಳ ಮನೆಯ ಹುಡುಗಿಗೆ. ಹೂಂ ಎಂದರೆ ಎಸೇತಾಗೆ ಜಾಗ ಸಿಗುತ್ತದೆ, ಪೆನಿನಾಗೆ ತಪ್ಪುತ್ತದೆ, ಏಕೆಂದು ಯಾರಿಗೂ ತಿಳಿಯುವುದಿಲ್ಲ. ಹೂಂ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು.

ಇವನಿಗೆ ಋಣಿಯಾಗುವುದೇ ಬೇಡ ಎಂಬ ಹಟದಿಂದ ಅವಳು ಬೇಡ ಅಂದಳೋ, ನ್ಯಾಯ ತಿಳಿದು ಅಂದಳೋ, ಅವಳಿಗೇ ಸರಿಯಾಗಿ ಗೊತ್ತಿಲ್ಲ. ಎರಡೂ ಇದ್ದಿರಬಹುದು.

“ಮುಚ್ಚಳ ಹಾಕೋ,” ಎಂದಳು. “ಮೆರಿಟ್ ಅಂತಲೇ ಬರಿ.”

ಆಮೇಲೆ ಮಡಿಲಿನ ಕಟ್ಟಿನಿಂದ ಪೆನಿನಾಳ ಪತ್ರಿಕೆ ಎಳೆದು, ಅವನ ಕಣ್ಣೆದುರಿಗೇ ತಾನು ಬರೆದದ್ದಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಎಕ್ಸಲೆನ್ಸ್ ಎಂದು ಬರೆದು ರುಜು ಮಾಡಿದಳು. ನಿನ್ನೆ ಹೊಟ್ಟೆಕಿಚ್ಚಿನಲ್ಲಿ ನೋಡಿದ್ದೆ ಎಂದು ಹೇಳಿಯೂ ಹೇಳಿದಳು. ಲೆಮುಯೇಲು ತಲೆ ತಗ್ಗಿಸಿ ಆ ಪತ್ರಿಕೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಏನಾದರೂ ಮಾತಾಡಿದ್ದರೆ ಅವಳು ಅವನನ್ನು ಕ್ಷಮಿಸುತ್ತಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ತಾರೋ ಗೆಡ್ಡೆ ಹೆರೆಯುತ್ತಿದ್ದ ಎಸೇತಾಳಿಗೆ ಅವಳು ಎಲ್ಲವನ್ನೂ ಹೇಳಿದಳು, ಕಿಟಕಿಯ ಬೆಳಕಿನಲ್ಲಿ ಕಂಡದ್ದನ್ನೂ ಸೇರಿಸಿ. ಹುಡುಗಿ ಚಾಕು ಕೆಳಗಿಟ್ಟಳು.

“ಒರೆಸೋದು ಬೇಡ ಅಂತಲೇ ಕೈ ಹಿಡ್ಕೊಂಡು ಕೂತಿದ್ದೆ ಅತ್ತೆ. ನೀವು ನನ್ನ ಕಡೆಗೇ ನೋಡಿದ್ರಿ. ಒರೆಸ್ದೆ.”

ತಪ್ಪು ನನ್ನದು ಎಂದಳು ತಿರೇಸಾ. ಎಸೇತಾ ಅದನ್ನು ಅಲ್ಲಗಳೆಯಲಿಲ್ಲ. ಗೆಡ್ಡೆ ಹೆರೆದು ಮುಗಿಸಿ, ಊಟ ಮಾಡದೆ ಎದ್ದು ಹೋದಳು.

ಪೆನಿನಾ ಮೇಲ್ಮಟ್ಟದ ತರಗತಿಗೆ ಸೇರಿದಳು. ಎಸೇತಾಗೆ ಅಂಕಿಅಂಶದ ತರಗತಿ ಸಿಕ್ಕಿತು, ಹಡಗಿನ ಮಾತು ಅಲ್ಲಿಗೆ ನಿಂತಿತು, ಕ್ರಿಸ್‌ಮಸ್ ಕಳೆಯುವವರೆಗೆ ಅವಳು ಅತ್ತೆಯೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮರುವರ್ಷ ತಿರೇಸಾ ಮಕ್ಕಳ ಕೈಗೆ ಪೆನ್ನು ಕೊಟ್ಟಳು. ಹಾಳೆಗಳು ಹೊಲಸಾದವು, ಇಬ್ಬರು ತಾಯಂದಿರು ಬಂದು ದೂರಿದರು. ಪಕ್ಕದ ಕೊಠಡಿಯ ಸದ್ದು ಕೇಳಿದರೆ ಅವಳಿಗೆ ಈಗಲೂ ಎದೆಯೊಳಗೆ ಕಚ್ಚುತ್ತದೆ. ಆ ವರ್ಷ ಅವಳ ತರಗತಿಗೆ ನಾಲ್ಕು ಎಕ್ಸಲೆನ್ಸ್ ಬಂದವು, ಎಸೇತಾಳ ಕಲನಶಾಸ್ತ್ರದ ವರ್ಷ ಮಾತ್ರ ಹೋದದ್ದು ಹೋಯಿತು.