ಕುಡ್ತೆಗೆ ಅರ್ಧ ಹಿಡಿ

ಲೆಕ್ಕದಲ್ಲಿ ಸೋತವಳಲ್ಲ ನಾನು. ಬೋವಿಕಾನದ ಹತ್ತಿರದ ಆ ಮನೆಗೆ ಸೊಸೆಯಾಗಿ ಬಂದಾಗ ಎಂಟನೇ ತರಗತಿ ಪಾಸಾಗಿದ್ದೆ. ಅತ್ತೆಗೆ ಅದೇ ಕಣ್ಣುರಿ. ಸಾರಿಗೆ ಉಪ್ಪು ಹೆಚ್ಚಾದರೂ "ಶಾಲೆಗೆ ಹೋದವಳ ಅಡುಗೆ" ಎನ್ನುತ್ತಿದ್ದರು.

ನಲವತ್ತೆಂಟನೇ ಇಸವಿಯ ಆಟಿ ಅಮಾವಾಸ್ಯೆ. ಆ ದಿನ ಬೆಳಕು ಹರಿಯುವ ಮೊದಲು ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಮನೆಮಂದಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಕಷಾಯ ಕುಡಿಯಬೇಕು. ನಲವತ್ತು ವರ್ಷ ತೊಗಟೆ ತಂದವರು ಮಾವ ಉಗ್ಗಪ್ಪ. ಆ ಸಲ ಮೊಣಕಾಲು ನೋವೆಂದು ನನ್ನ ಗಂಡ ಲೋಕನಾಥರನ್ನು ಕಳಿಸಿದರು. ಇವರು ಸುರಿಯುವ ಮಳೆಯಲ್ಲಿ ಹೋಗಿ ತಂದರು. ನಾನು ಅರೆದು, ಅಳೆದು ನೀರು ಹಾಕಿ ಹಿಂಡಿ, ಕಾಳುಮೆಣಸು ಬೆಳ್ಳುಳ್ಳಿ ಸೇರಿಸಿ, ಕೆಂಪಗೆ ಕಾದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿದೆ.

ಮೊದಲ ಕುಡ್ತೆ ಮಾವನಿಗೆ. ಕುಡ್ತೆಯೆಂದರೆ ನಮ್ಮಲ್ಲಿ ಅಕ್ಕಿ, ಎಣ್ಣೆ ಎಲ್ಲವನ್ನೂ ಅಳೆಯುವ ಪುಟ್ಟ ಪಾತ್ರೆ. ಒಂದು ಗುಟುಕಿಗೇ ಅವರು ಮುಖ ಕಿವುಚಿದರು.

"ಎಂತ ಕಹಿ ಮಾರಾಯ್ತಿ ಇದು!" ಎಂದರು. ಆದರೂ ಬಿಡುವವರಲ್ಲ. ಕಹಿ ಇದ್ದಷ್ಟೂ ಒಳ್ಳೆಯದೆಂದು ಪೂರ್ತಿ ಕುಡಿದು ಜಗಲಿಗೆ ಹೋಗಿ ಕುಳಿತರು.

ಅತ್ತೆ ಬೆರಳು ಅದ್ದಿ ನೆಕ್ಕಿ ಥೂ ಎಂದು ಉಗುಳಿದರು. "ತೊಗಟೆ ಎಷ್ಟು ಹಿಡಿ ಹಾಕಿದ್ದಿ?"

"ಆರು."

ಅಷ್ಟರಲ್ಲಿ ಪಕ್ಕದ ಮನೆಯ ದಮಯಂತಿಯಕ್ಕ ಮೆಂತೆ ಕೇಳಲು ಬಂದರು. ಅವರ ಮನೆಯಲ್ಲಿ ಎಲ್ಲರೂ ಕುಡಿದಾಗಿತ್ತು. ಉಳಿದದ್ದನ್ನು ಒಂದು ಗಿಂಡಿಯಲ್ಲಿ ನಮಗೂ ತಂದಿದ್ದರು. "ನಾವು ಹಾಕಿದ್ದು ನಾಲ್ಕೇ ಹಿಡಿ" ಎಂದರು.

ಅತ್ತೆಗೆ ಅಷ್ಟೇ ಸಾಕಾಯಿತು. "ಕೇಳಿದಿಯಾ? ಅವರು ನಾಲ್ಕು, ನೀನು ಆರು! ಮಗು ಕುಡಿಯುವುದು ಹೇಗೆ?" ಎಂದು ನಮ್ಮ ಕಷಾಯದಿಂದ ಅರ್ಧ ಕುಡ್ತೆ ಬಗ್ಗಿಸಿ, ಬೆಲ್ಲ ಕದಡಿ, ನನ್ನ ನಾಲ್ಕು ವರ್ಷದ ಮಗಳು ಕಮಲನ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಅಜ್ಜನ ಹತ್ತಿರ ಹೋದಳು.

ನನಗೆ ಸಿಟ್ಟು ನೆತ್ತಿಗೇರಿತ್ತು. "ದಮಯಂತಿಯಕ್ಕ, ನೀರು ಎಷ್ಟು ಹಾಕಿದ್ದೀರಿ?"

"ಆರು ಕುಡ್ತೆ."

"ನಾನು ಹನ್ನೆರಡು ಹಾಕಿದ್ದೇನೆ. ಅತ್ತೆ, ಹಿಡಿ ಮಾತ್ರ ನೋಡಿದರೆ ಆಗ್ತದಾ? ಒಂದು ಕುಡ್ತೆಗೆ ಎಷ್ಟು ಅಂತ ನೋಡಬೇಕು. ನನ್ನದು ಕುಡ್ತೆಗೆ ಅರ್ಧ ಹಿಡಿ. ಅವರದ್ದು ಮೂರರಲ್ಲಿ ಎರಡು ಪಾಲು, ಅರ್ಧಕ್ಕಿಂತ ಹೆಚ್ಚು. ಅವರ ಕೈ ಬೇರೆ ನನ್ನದಕ್ಕಿಂತ ದೊಡ್ಡದು. ಅವರದ್ದೇ ಹೆಚ್ಚು ಕಹಿ ಇರಬೇಕು!"

ಗೆದ್ದೆನೆಂಬ ಜಂಬದಿಂದ ಅವರ ಗಿಂಡಿಯ ಒಂದು ಹನಿ ನಾಲಗೆಗೆ ಹಾಕಿಕೊಂಡೆ. ಪ್ರತಿವರ್ಷದ ಕಹಿಯೇ. ಬಳಿಕ ನಮ್ಮದರ ಒಂದು ಹನಿ. ಕಹಿ ಗಂಟಲವರೆಗೆ ಹಿಡಿದು ನಿಂತಿತು, ಉಗುಳಿದರೂ ಹೋಗಲಿಲ್ಲ.

ಲೆಕ್ಕ ಸರಿಯಿತ್ತು. ತೊಗಟೆ ಕಡಿಮೆ, ಕಹಿ ಹೆಚ್ಚು ಎಂದಾದರೆ ತೊಗಟೆಯೇ ಬೇರೆ. ನಮ್ಮ ಗುಡ್ಡದಲ್ಲಿ ಹಾಲೆಯ ಪಕ್ಕದಲ್ಲೇ ಕಾಸರಕದ ಮರವಿತ್ತು. ಅದು ವಿಷ.

"ಜಜ್ಜುವಾಗ ಹಾಲು ಬಂತಾ?" ಎಂದು ಇವರನ್ನು ಕೇಳಿದೆ. ಹಾಲೆಯ ತೊಗಟೆಗೆ ಏಟು ಬಿದ್ದರೆ ಹಾಲು ಸುರಿದು ಕೈಯೆಲ್ಲ ಅಂಟಾಗುತ್ತದೆ.

"ಕತ್ತಲೆಯಲ್ಲಿ ಎಂತ ಕಾಣ್ತದೆ?" ಎಂದವರು ತಮ್ಮ ಅಂಗೈ ನೋಡಿಕೊಂಡರು. "ಅಂಟಲಿಲ್ಲ. ಮಳೆಗೆ ತೊಳೆದು ಹೋಯಿತು ಅಂದುಕೊಂಡೆ."

ಜಗಲಿಗೆ ಓಡಿದೆ. ಕಮಲನ ಕೈಯಲ್ಲಿ ಖಾಲಿ ಪಾತ್ರೆ.

"ಕುಡಿದಿಯಾ?"

ಅವಳು ಅಜ್ಜನ ಮುಖ ನೋಡಿದಳು. "ಪೂರಾ ಕುಡಿದೆ."

ಅರ್ಧ ಕುಡ್ತೆ. ಅಂದರೆ ಕಾಲು ಹಿಡಿ. ಕಾಲು ಹಿಡಿ ಕಾಸರಕ ನಾಲ್ಕು ವರ್ಷದ ಮಗುವಿಗೆ ಎಷ್ಟಾಯಿತು? ನಾನು ಓದಿದ ಯಾವ ಲೆಕ್ಕದ ಪುಸ್ತಕದಲ್ಲೂ ಅದು ಇರಲಿಲ್ಲ. ಅವಳ ಬಾಯಿಗೆ ಬೆರಳು ಹಾಕಿದೆ. ಅವಳು ಚೀರಿದಳು. ಬಂದದ್ದು ಬರೀ ಜೊಲ್ಲು. ಮಾವ ಏನೋ ಹೇಳಲು ಬಾಯಿ ತೆರೆದರು. ದವಡೆ ಕಚ್ಚಿಹೋಯಿತು. ಬೆನ್ನು ಬಿಲ್ಲಿನಂತೆ ಬಾಗಿ, ಕುಳಿತಲ್ಲಿಂದ ಉರುಳಿದರು.

ಇವರೂ ನೆರೆಯವರೂ ಮಾವನನ್ನು ಕಂಬಳಿಯಲ್ಲಿ ಹೊತ್ತುಕೊಂಡು ಕಾಸರಗೋಡಿನ ಬಸ್ಸು ಹಿಡಿಯಲು ಓಡಿದರು. ಕಮಲನನ್ನು ಎತ್ತಿಕೊಂಡು ನಾನು ಹಿಂದೆ. ಅವಳ ಕಾಲು ಸೆಟೆಯುತ್ತಿದೆಯೇ ಎಂದು ಹೆಜ್ಜೆಹೆಜ್ಜೆಗೂ ಮುಟ್ಟಿ ನೋಡುತ್ತಿದ್ದೆ. ಆ ದಿನದ ಭಯ ನನ್ನ ಶತ್ರುವಿಗೂ ಬೇಡ.

ಗದ್ದೆಯ ಬದುವಿನಲ್ಲಿ ಅವಳು ನನ್ನ ಕಿವಿಗೆ ಬಾಯಿಟ್ಟಳು. "ಅಮ್ಮಾ, ನಾನು ಕುಡಿಯಲೇ ಇಲ್ಲ. ನಂದು ಅಜ್ಜ ಕುಡಿದ್ರು. ಅಜ್ಜಿಗೆ ಹೇಳ್ಬೇಡ, ಬೈತಾಳೆ ಅಂದ್ರು."

ನನಗೆ ಮೊದಲು ಆದದ್ದು ಸಂತೋಷ. ನಗು ಬರುವಷ್ಟು ಸಂತೋಷ. ಮುಂದೆ ಕಂಬಳಿಯಲ್ಲಿ ಮಾವ ಅದುರುತ್ತಿದ್ದರು. ಒಂದೂವರೆ ಕುಡ್ತೆ, ಮುಕ್ಕಾಲು ಹಿಡಿ. ಬೇಡವೆಂದರೂ ಆ ಲೆಕ್ಕ ತಾನಾಗಿಯೇ ಬಂತು.

ಬಸ್ಸು ಬರುವ ಮೊದಲೇ ಮಾವ ತೀರಿಹೋದರು.

ಮಾವನ ಬೊಜ್ಜ, ಉತ್ತರಕ್ರಿಯೆಯೆಲ್ಲ ಕಳೆದ ಮೇಲೆ ಅತ್ತೆ ನನ್ನ ಪಕ್ಕದಲ್ಲಿ ಬಂದು ಕುಳಿತರು. "ಆ ದಿನ ನಿನ್ನ ಲೆಕ್ಕ ತಪ್ಪಿ, ಬರೀ ತೊಗಟೆ ಹೆಚ್ಚಾಗಿದ್ದರೆ ಎಷ್ಟು ಒಳ್ಳೆದಿತ್ತು ಮಗಾ" ಎಂದರು. ಮಗು ಉಳಿದದ್ದು ದೈವದ ದಯೆ ಎಂದು ಕೈಮುಗಿದರು. ಬೆಲ್ಲ ಕದಡಿ ಕೊಟ್ಟ ಆ ಕೈಗಳನ್ನು ನಾನು ನೋಡುತ್ತಾ ಕುಳಿತೆ. ಅತ್ತೆ ಸಾಯುವವರೆಗೂ ಅವರ ಲೆಕ್ಕದಲ್ಲಿ ಮಾವ ಕುಡಿದದ್ದು ಒಂದೇ ಕುಡ್ತೆ.