ಗೆರೆಯ ಮೇಲಿನ ಊರು

ವೆಲ್ಕಾ, ಜನಸಂಖ್ಯೆ ೧೨೭ ಎಂದು ಹೆದ್ದಾರಿಯ ಹಸಿರು ಫಲಕದ ಮೇಲೆ ಬರೆದಿದೆ. ಹಸಿ ಸುಳ್ಳು. ಆ ಎಣಿಕೆ ಮುಗಿದ ಮೇಲೆ ಹನ್ನೊಂದು ಜನ ಸತ್ತಿದ್ದಾರೆ, ಆರು ಜನ ಊರು ಬಿಟ್ಟಿದ್ದಾರೆ. ಹುಟ್ಟಿದ್ದು ಒಂದೇ ಒಂದು ಕೂಸು, ನನ್ನ ಮೊಮ್ಮಗಳು ಶೆಲ್ಬಿಯ ಮಗಳು ಜೂನಿ. ಊರಿನ ಗುಮಾಸ್ತೆ ನಾನೇ ಆದ್ದರಿಂದ ಈ ಲೆಕ್ಕವೆಲ್ಲ ನನಗೆ ಬಾಯಿಪಾಠ. ಮನೆಗಳು ಎಪ್ಪತ್ತನಾಲ್ಕು. ಜನ ಇರುವುದು ಅರವತ್ತೊಂದರಲ್ಲಿ. ಉಳಿದ ಹದಿಮೂರರಲ್ಲಿ ಬೆಕ್ಕು, ಹೆಗ್ಗಣ, ಹೋದವರು ಬಿಟ್ಟುಹೋದ ಸೋಫಾ. ಹಳೆಯ ಬ್ಯಾಂಕಿನ ಕಟ್ಟಡದಲ್ಲಿ ನನಗೊಂದು ಮೇಜು, ಒಂದು ಹೀಟರು, ವಾರಕ್ಕೆ ಹನ್ನೆರಡು ಗಂಟೆಯ ಕೆಲಸ. ಇಪ್ಪತ್ತೆರಡು ವರ್ಷ ಅಲ್ಲಿ ಕೂತಿದ್ದೇನೆ. ಈ ಊರಿನ ನಾಯಿಗಳ ಪರವಾನಗಿ ಕೂಡ ನನ್ನ ಕೈಬರಹದಲ್ಲೇ ಇದೆ.

ಊರಿನ ಬಾವಿ ಕೆಟ್ಟು ಒಂಬತ್ತು ವರ್ಷವಾಯಿತು. ಸುತ್ತ ಕಣ್ಣು ಹರಿಯುವವರೆಗೂ ಮೆಕ್ಕೆಜೋಳ. ಜೋಳಕ್ಕೆ ಸುರಿದ ಗೊಬ್ಬರ ನೆಲಕ್ಕಿಳಿದು, ನೈಟ್ರೇಟ್ ಆಗಿ, ನಮ್ಮ ನಲ್ಲಿಗೆ ಬರುತ್ತದೆ. ದೊಡ್ಡವರು ಕುಡಿದುಕೊಂಡು ಇದ್ದೇವೆ. ಆದರೆ ಎಳೆಗೂಸಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಮೈ ನೀಲಿಗಟ್ಟುತ್ತದೆ. ಕುದಿಸಿದರೆ ವಿಷ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಬಾವಿಗೆ ಹತ್ತಿರವಿರುವ ಎಮಿಲ್ ಸ್ಟೆಲಿಕ್‌ನ ಅಡುಗೆಮನೆಯ ನಲ್ಲಿಯಿಂದ ಒಂದು ಬಾಟಲಿ ನೀರು ಹಿಡಿದು ಪರೀಕ್ಷೆಗೆ ಕಳಿಸುತ್ತೇನೆ. ಫಲಿತಾಂಶ ಬಂದ ಮೇಲೆ 'ಕೂಸುಗಳಿಗೆ ಕೊಡಬೇಡಿ' ಎಂಬ ಚೀಟಿಯನ್ನು ಅಂಚೆ ಕಚೇರಿಯ ಬಾಗಿಲಿಗೆ ನಾನೇ ಅಂಟಿಸುತ್ತೇನೆ. ಊರಿನಲ್ಲಿ ಕೂಸೇ ಇಲ್ಲದಿದ್ದಾಗ ಅದೊಂದು ಕಾಗದ. ಜೂನಿ ಹುಟ್ಟಿದ ಮೇಲೆ ಅದು ಅವಳೊಬ್ಬಳಿಗೇ ಬರೆದ ಚೀಟಿ.

ಶೆಲ್ಬಿಗೆ ಇಪ್ಪತ್ಮೂರು ವರ್ಷ. ಗಂಡನಿಲ್ಲ, ಅದರ ಮಾತು ಬೇಡ. ಇಪ್ಪತ್ತೆಂಟು ಮೈಲಿ ದೂರದ ಕೊಲಂಬಸ್‌ನಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುತ್ತಾಳೆ, ನಮ್ಮ ಮಹಡಿಯ ಕೋಣೆಯಲ್ಲಿ ಇರುತ್ತಾಳೆ. ಕೆಲಸದಿಂದ ಬರುವಾಗ ಕಾರಿನ ಹಿಂದೆ ನೀರಿನ ಕ್ಯಾನುಗಳನ್ನು ತುಂಬಿಕೊಂಡು ಬರುತ್ತಾಳೆ. ನಮ್ಮ ಎದುರಿನ ಖಾಲಿ ನೊವೋಟ್ನಿ ಮನೆ ಹತ್ತೊಂಬತ್ತು ಸಾವಿರ ಡಾಲರಿಗೆ ಮಾರಾಟಕ್ಕಿತ್ತು. ಅವಳು ಅದರ ಕಿಟಕಿಗಳನ್ನೇ ನೋಡುತ್ತ ನಿಲ್ಲುತ್ತಿದ್ದಳು.

"ನೀರು ಸರಿ ಆಗುತ್ತೆ ಅಂದ್ರೆ ತಗೋತೀನಿ ಅಜ್ಜಿ. ಇಲ್ಲಾಂದ್ರೆ ಚಳಿ ಶುರುವಾಗೋ ಮುಂಚೆ ಕೊಲಂಬಸ್‌ಗೆ ಹೋಗ್ತೀನಿ. ಹಿಮದಲ್ಲಿ ನೀರು ಹೊರೋಕೆ ನನ್ನ ಕೈಲಾಗಲ್ಲ."

ಮಗುವಿನ ವಾಸನೆಯಿಲ್ಲದ ನಮ್ಮ ಮನೆಯನ್ನು ನೆನೆಸಿಕೊಳ್ಳಲೂ ನನಗೆ ಇಷ್ಟವಿರಲಿಲ್ಲ.

ನೀರು ಶುದ್ಧ ಮಾಡುವ ಘಟಕಕ್ಕೆ ಹದಿನಾಲ್ಕು ಲಕ್ಷ ಡಾಲರು ಬೇಕು. ಬಡ ಊರುಗಳಿಗೆ ಅದನ್ನು ಸರ್ಕಾರ ಕೊಡುತ್ತದೆ. ಆದರೆ ಕಾಗದದ ಮೇಲೆ ನಾವು ಬಡವರಲ್ಲ. ನಡುಮಟ್ಟದ ಆದಾಯ ಮನೆಗೆ ವರ್ಷಕ್ಕೆ ಅರವತ್ತೊಂದು ಸಾವಿರ ಡಾಲರು, ಅದರಲ್ಲಿ ಇಪ್ಪತ್ತಾರು ಸಾವಿರ ಅತ್ತಿತ್ತ ಆಗಬಹುದು ಎಂದು ಸರ್ಕಾರದ ಅಂದಾಜಿನ ಪಟ್ಟಿಯಲ್ಲಿತ್ತು. ಅಂಥ ಅಂದಾಜನ್ನು ಕಣ್ಣು ಮುಚ್ಚಿಕೊಂಡು ನಾನೂ ಹೇಳಬಲ್ಲೆ. ಪಟ್ಟಿ ಒಪ್ಪದಿದ್ದರೆ ನೀವೇ ಮನೆಮನೆಗೆ ಹೋಗಿ ಕೇಳಿ ಎಂದರು. ಪ್ರತಿ ಮನೆಗೂ ಒಂದು ಹಾಳೆ. ಅದರಲ್ಲಿ ಒಂದು ಗೆರೆ: ಒಬ್ಬರಿರುವ ಮನೆಗೆ ನಲವತ್ತೈದು ಸಾವಿರ, ಇಬ್ಬರಿಗೆ ಐವತ್ತೆರಡು, ಹೀಗೆ. ನಿಮ್ಮ ವರಮಾನ ಗೆರೆಗಿಂತ ಮೇಲೋ ಕೆಳಗೋ, ಒಂದು ಗುರುತು. ಹೆಸರು ಬೇಡ. ನೂರಕ್ಕೆ ಐವತ್ತೊಂದು ಮನೆ ಕೆಳಗಿದ್ದರೆ ಹಣ ನಮ್ಮದು. ಅರವತ್ತೊಂದು ಮನೆಗೆ ಅದು ಮೂವತ್ತೆರಡು. ನಾನು ಬೆರಳು ಮಡಚಿ ಎಣಿಸಿದೆ. ಗೆರೆಯ ಕೆಳಗಿರುವ ಮನೆ ಮೂವತ್ತೆಂಟು. ಯಾರ ಮನೆಯ ಛಾವಣಿ ಸೋರುತ್ತದೆ, ಯಾರು ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಾರೆ, ಗುಮಾಸ್ತೆಗೆ ಗೊತ್ತಿರುವುದಿಲ್ಲವೇ?

ನನಗೆ ಗೊತ್ತಿದ್ದ ಇನ್ನೊಂದು ವಿಷಯವನ್ನು ಮಾತ್ರ ನಾನು ಎಣಿಸಲಿಲ್ಲ. ನಮ್ಮ ಕಡೆ ಒಬ್ಬನಿಗೆ ಎಷ್ಟು ಎಕರೆ, ಎಷ್ಟು ದನ ಎಂದು ಕೇಳುವುದು ಅವನ ಚಡ್ಡಿಯ ಬಣ್ಣ ಕೇಳಿದ ಹಾಗೆ. ಅಣ್ಣತಮ್ಮಂದಿರೂ ಕೇಳುವುದಿಲ್ಲ.

ಮೊದಲು ಹೋದದ್ದು ಎಮಿಲ್‌ನ ಮನೆಗೆ, ಹೇಗೂ ನೀರು ಹಿಡಿಯಬೇಕಿತ್ತು. ಶಾಲೆಯಲ್ಲಿ ನನಗಿಂತ ನಾಲ್ಕು ತರಗತಿ ಮೇಲಿದ್ದವನು. ಮದುವೆಯಾಗಲಿಲ್ಲ. ಜೀವನವಿಡೀ ಬೇರೆಯವರ ಹೊಲದಲ್ಲಿ ದುಡಿದ, ಈಗ ಪಿಂಚಣಿಯಲ್ಲಿ ಬದುಕುತ್ತಾನೆ. ನಲ್ಲಿ ಬಿಟ್ಟು ಐದು ನಿಮಿಷ ಹರಿಯಲಿ ಎಂದು ಕಾಯುತ್ತ ಹಾಳೆಯನ್ನು ಮೇಜಿನ ಮೇಲಿಟ್ಟೆ.

"ನನ್ನ ವರಮಾನ ಕಟ್ಕೊಂಡು ನಿಂಗೇನಾಗ್ಬೇಕು ಡೋರೀನ್?"

"ನಂಗೇನೂ ಬೇಡ. ಗುರುತು ಹಾಕು, ಲಕೋಟೆ ಅಂಟಿಸಿ ಕೊಡು. ನಾನು ತೆಗೆದು ನೋಡಲ್ಲ."

"ನಾನು ಸರ್ಕಾರದ ಒಂದು ತುಂಡು ಬ್ರೆಡ್ ತಿಂದೋನಲ್ಲ."

"ಹೌದೌದು. ಪಿಂಚಣಿ ನಿಮ್ಮ ತಾತ ಕಳಿಸ್ತಾನೆ."

"ಅದು ನಾನು ದುಡಿದು ಕಟ್ಟಿದ್ದು. ಬಡವ ಅಂತ ಬರೆಸ್ಕೊಳ್ಳೋಕೆ ಬೇರೆ ಮನೆ ನೋಡು."

"ನಿನ್ನ ಜಂಬ ಕುಡಿಸಿ ಆ ಕೂಸನ್ನ ಸಾಕೋಕಾಗುತ್ತಾ ಎಮಿಲ್?"

ನಾನು ಬಾಟಲಿಯ ಮುಚ್ಚಳ ತಿರುಗಿಸಿ, ಹಾಳೆಯನ್ನು ಅಲ್ಲೇ ಬಿಟ್ಟು ಬಂದೆ.

ಶುಕ್ರವಾರ ಸಂಜೆ ಊರಿನ ಬಾರಿನಲ್ಲಿ ಮೀನು ಕರಿಯುತ್ತಾರೆ, ಎಲ್ಲರೂ ಸೇರುತ್ತೇವೆ. ಅವತ್ತು ಬೇರೆ ಮಾತೇ ಇರಲಿಲ್ಲ. ಊರಿನ ಮಂಡಳಿಯ ಅಧ್ಯಕ್ಷ ಮಿಲೋ ಹ್ರೂಬಿ ಟೊಮೇಟೊ ರಸ ಬೆರೆಸಿದ ಬಿಯರ್ ಹಿಡಿದು ಎದ್ದು ನಿಂತ.

"ಬಡವರೆಲ್ಲ ಕೈ ಎತ್ರಪ್ಪ, ಡೋರೀನ್ ಎಣಿಸ್ಕೊಳ್ಳಲಿ."

ಎಲ್ಲರೂ ನಕ್ಕರು. ಒಂದು ಕೈಯೂ ಮೇಲೇಳಲಿಲ್ಲ.

"ಎಮಿಲ್, ನಿಂದು ಮೇಲೋ ಕೆಳಗೋ?" ಎಂದು ಯಾರೋ ಕೆಣಕಿದರು.

"ಎಮಿಲ್ ಸ್ಟೆಲಿಕ್‌ನ ಬಡವ ಅನ್ನೋ ಗಂಡಸು ಈ ಊರಲ್ಲಿ ಹುಟ್ಟಿಲ್ಲ" ಎಂದ ಎಮಿಲ್, ಇಡೀ ಬಾರಿಗೆ ಕೇಳುವ ಹಾಗೆ. ಅವನ ತಟ್ಟೆಯಲ್ಲಿ ಮೀನಿರಲಿಲ್ಲ, ಬರೀ ಆಲೂಗಡ್ಡೆ. ಮೀನು ಇತ್ತೀಚೆಗೆ ಹದಿನೈದು ಡಾಲರು.

ದಾರಿಯುದ್ದಕ್ಕೂ ಗೇಲನ್ ಮುಂದೆ ಎಮಿಲ್‌ನನ್ನು ಬೈಯುತ್ತ ಮನೆಗೆ ಬಂದೆ. ಗೇಲನ್ ನನ್ನ ಗಂಡ.

ನಮ್ಮ ಮನೆಯ ಹಾಳೆಯ ಮಾತು ಈಗ ಹೇಳಬೇಕು. ಇಪ್ಪತ್ತೊಂಬತ್ತು ವರ್ಷ ಗೇಲನ್ ಧಾನ್ಯದ ಕಣಜದಲ್ಲಿ ಮೇಸ್ತ್ರಿಯಾಗಿದ್ದ. ಹೋದ ಮಾರ್ಚ್‌ನಲ್ಲಿ ಯಂತ್ರ ಬಂತು, ಇವನ ಮೊಣಕಾಲೂ ಕೆಟ್ಟಿತ್ತು, ಕೈಗೊಂದು ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಶೆಲ್ಬಿ ತನ್ನ ಕೋಣೆಗೆ ಬಾಡಿಗೆ ಕೊಡುವುದರಿಂದ ಅವಳದು ಬೇರೆ ಮನೆ ಎಂದೇ ಲೆಕ್ಕ, ಆ ಅರವತ್ತೊಂದರಲ್ಲಿ ಅದೂ ಒಂದು, ಅವಳ ಹಾಳೆಯೂ ಬೇರೆ. ನಮ್ಮಿಬ್ಬರದು ಸೇರಿಸಿದರೆ ಮೂವತ್ತಮೂರು ಸಾವಿರ. ಗೆರೆ ಐವತ್ತೆರಡು. ಅದರಲ್ಲಿ ಯೋಚಿಸುವುದೇನಿದೆ?

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಗೇಲನ್ ಹಾಳೆ ಎಳೆದುಕೊಂಡ. ತುಂಬ ಹೊತ್ತು ನೋಡಿದ. ಆಮೇಲೆ ಮೇಲಿನ ಚೌಕದಲ್ಲಿ ಗುರುತು ಹಾಕಿದ.

ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

"ಹೋದ ವರ್ಷ ಅಷ್ಟು ಬರ್ತಿತ್ತಲ್ಲ" ಎಂದ.

ಹಾಳೆಯಲ್ಲಿ ಕೇಳಿದ್ದು ಈ ವರ್ಷದ್ದು. ಅದು ಅವನಿಗೂ ಗೊತ್ತಿತ್ತು. ಮಾರ್ಚ್‌ನಿಂದ ಅವನು ಕ್ಷೌರ ಮಾಡಿಕೊಳ್ಳುವುದನ್ನೇ ಬಿಟ್ಟಿದ್ದ, ಅವತ್ತು ಬೆಳಿಗ್ಗೆ ಮಾಡಿಕೊಂಡಿದ್ದ. ಅವನ ನುಣ್ಣನೆಯ ಗಲ್ಲ ನೋಡಿದೆ. ಮೂವತ್ತೆಂಟು ಮನೆ ಇದೆ, ಒಂದು ಹೋದರೆ ಏನಾಯಿತು ಎಂದುಕೊಂಡೆ. ಲಕೋಟೆಯ ಅಂಚಿಗೆ ನಾಲಿಗೆ ಸವರಿ ನಾನೇ ಅಂಟಿಸಿದೆ. ಆಮೇಲೆ ಹನ್ನೊಂದು ದಿನ ಅದು ಕಚೇರಿಯ ನನ್ನ ಡ್ರಾಯರಿನಲ್ಲೇ ಇತ್ತು. ಬೀಗದ ಕೈ ನನ್ನ ಕೊರಳಲ್ಲೇ ಇತ್ತು.

ಹಾಳೆ ಕೊಡುವ ಕೊನೆಯ ದಿನ ಮಧ್ಯಾಹ್ನ ಎಮಿಲ್ ಕಚೇರಿಗೆ ಬಂದ. ಟೋಪಿ ತೆಗೆದ, ಬಾಗಿಲು ಮುಚ್ಚಿದ, ಲಕೋಟೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಒತ್ತಿ ನಿಂತ.

"ಕೆಳಗೆ ಹಾಕಿದ್ದೀನಿ."

ನಾನು ಪೆನ್ನು ಕೆಳಗಿಟ್ಟೆ.

"ಆ ಕೂಸಿಗೋಸ್ಕರ. ನೀನು ಅವತ್ತು ಅಂದದ್ದು ನಿದ್ದೆ ಕೆಡಿಸ್ತು. ಆದ್ರೆ ಇದು ನಿಂಗೊಬ್ಬಳಿಗೇ ಗೊತ್ತು. ಇನ್ನೊಬ್ಬರ ಕಿವಿಗೆ ಬಿದ್ರೆ ನಾನು ಆ ಬಾರಿನ ಮೆಟ್ಟಿಲು ಹತ್ತಲ್ಲ. ಮಾತು ಕೊಡು."

"ಕೊಟ್ಟೆ ಎಮಿಲ್. ಸತ್ರೂ ಹೇಳಲ್ಲ."

ಅವನ ಲಕೋಟೆಯನ್ನು ಡ್ರಾಯರಿನಲ್ಲಿ ನಮ್ಮ ಲಕೋಟೆಯ ಮೇಲೇ ಇಟ್ಟೆ.

ಮರುದಿನ ರಾಜಧಾನಿಯ ಕಚೇರಿಯಿಂದ ಒಬ್ಬ ಹುಡುಗಮುಖದ ಅಧಿಕಾರಿ ಬಂದ. ಅಗ್ನಿಶಾಮಕ ಶೆಡ್ಡಿನಲ್ಲಿ ಮಂಡಳಿಯ ಸಭೆ, ಮಡಚುವ ಕುರ್ಚಿಗಳಲ್ಲಿ ಅರ್ಧ ಊರು. ಶೆಲ್ಬಿ ಜೂನಿಯನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಅಧಿಕಾರಿ ಒಂದೊಂದೇ ಲಕೋಟೆ ಹರಿದು ಎರಡು ಗುಡ್ಡೆ ಮಾಡಿದ. ಎರಡು ಸಲ ಎಣಿಸಿದ.

"ಕೆಳಗೆ ಮೂವತ್ತೊಂದು, ಮೇಲೆ ಮೂವತ್ತು. ನೂರಕ್ಕೆ ಐವತ್ತು ಪಾಯಿಂಟ್ ಎಂಟು" ಎಂದ. "ಐವತ್ತೊಂದು ಬೇಕಿತ್ತು. ಒಂದು ಮನೆ ಕಮ್ಮಿ ಆಯ್ತು."

"ಐವತ್ತು ಪಾಯಿಂಟ್ ಎಂಟು ಅಂದ್ರೆ ಐವತ್ತೊಂದೇ ಅಲ್ವೇನಪ್ಪ?" ಮಿಲೋ ಕೇಳಿದ.

"ಅಲ್ಲ ಸರ್. ತೆರೆದ ಮೇಲೆ ಬದಲಾಯಿಸೋ ಹಾಗೂ ಇಲ್ಲ. ಇನ್ನು ಐದು ವರ್ಷ ಆದ್ಮೇಲೆ ಮತ್ತೆ ಕೇಳ್ಬಹುದು."

ನಾನು ಎಣಿಸಿದ್ದ ಮೂವತ್ತೆಂಟರಲ್ಲಿ ಏಳು ಮನೆ ಸುಳ್ಳು ಬರೆದಿತ್ತು. ಅವುಗಳಲ್ಲಿ ಆರು ಯಾವುವು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಿಲೋ ಕುರ್ಚಿ ತಿರುಗಿಸಿಕೊಂಡು ಹಿಂದಿನ ಸಾಲು ನೋಡಿದ. "ಆಯ್ತಾ ಎಮಿಲ್? ಸಮಾಧಾನ ಆಯ್ತಾ?"

ಎಲ್ಲ ತಲೆಗಳೂ ಅತ್ತ ತಿರುಗಿದವು. ಬಾರಿನಲ್ಲಿ ಅವನು ಆಡಿದ್ದು ಎಲ್ಲರಿಗೂ ನೆನಪಿತ್ತು. ಆ ಮಾತು ಒದಗಿಬಂದದ್ದಕ್ಕೆ ಆರು ಮನೆಯವರು ಒಳಗೊಳಗೇ ನೆಮ್ಮದಿಯ ಉಸಿರು ಬಿಟ್ಟಿರಬೇಕು. ನಾನೇನು ಕಮ್ಮಿಯೇ? ನಾನೂ ಬಿಟ್ಟೆ.

ಎಮಿಲ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. 'ನಾನು ಕೆಳಗೆ ಹಾಕಿದ್ದೀನಿ' ಎಂದು ಅವನು ಅಂದಿದ್ದರೆ ಮುಗಿಯುತ್ತಿತ್ತು. ಅದನ್ನು ಅವನ ಬಾಯಿ ಹೇಳಲಾರದು. ಅವನು ನನ್ನ ಕಡೆ ನೋಡಿದ. ಕೊಟ್ಟ ಮಾತು ನನಗೆ ಆಗ ಎಷ್ಟು ಪವಿತ್ರವಾಗಿ ಕಂಡಿತು ಎಂದು ನೆನೆಸಿದರೆ ಈಗ ಅಸಹ್ಯವಾಗುತ್ತದೆ. ಅವನನ್ನು ಬಿಡಿಸಲು ಅವನ ಗುಟ್ಟು ಹೇಳಬೇಕಿರಲಿಲ್ಲ. ನಮ್ಮದನ್ನು ಹೇಳಿದ್ದರೆ ಸಾಕಿತ್ತು. ಗೇಲನ್ ನನ್ನ ಪಕ್ಕದಲ್ಲೇ ನೆಲ ನೋಡುತ್ತ ಕೂತಿದ್ದ, ನುಣ್ಣಗೆ ಕ್ಷೌರ ಮಾಡಿಕೊಂಡು. ನಾನು ತಲೆ ತಗ್ಗಿಸಿ ನಡವಳಿ ಪುಸ್ತಕದಲ್ಲಿ ಬರೆದೆ: ಸಮೀಕ್ಷೆ ಮುಕ್ತಾಯ. ಊರು ಅರ್ಹವಲ್ಲ.

ಮನೆಗೆ ಬಂದ ಮೇಲೆ ಶೆಲ್ಬಿ ಮಹಡಿಯ ಮೆಟ್ಟಿಲಲ್ಲಿ ನಿಂತು ಕೇಳಿದಳು.

"ಆ ಮುದುಕನೇ ಅಲ್ವಾ ಅಜ್ಜಿ?"

ಗೇಲನ್ ಎದ್ದು ಅಡುಗೆಮನೆಗೆ ಹೋದ. ಅಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು.

"ಇರ್ಬೇಕು" ಎಂದೆ.

ಅಕ್ಟೋಬರ್‌ನಲ್ಲಿ ಅವಳು ಹೋದಳು. ಕೂಸಿನ ತೊಟ್ಟಿಲನ್ನು ಗೇಲನ್ನೇ ಬಿಚ್ಚಿ ಕಾರಿಗೆ ತುಂಬಿದ, ತಿರುಪುಗಳನ್ನು ಒಂದು ಡಬ್ಬಿಗೆ ಹಾಕಿ ಮೇಲೆ ಹೆಸರು ಬರೆದು ಕೊಟ್ಟ. ನೊವೋಟ್ನಿ ಮನೆ ಈಗಲೂ ಖಾಲಿ. ಬಾರಿನಲ್ಲಿ ಎಮಿಲ್‌ನ ಪಕ್ಕದ ಎರಡು ಕುರ್ಚಿಗಳೂ ಖಾಲಿ. ಯಾರೂ ಅವನಿಗೆ ಕೆಟ್ಟದ್ದು ಅನ್ನುವುದಿಲ್ಲ, ಅಷ್ಟು ಸಭ್ಯರು ನಾವು. ಇಸ್ಪೀಟಿಗೆ ಕರೆಯುವುದಿಲ್ಲ, ಅಷ್ಟೆ. ಶುಕ್ರವಾರ ಅವನು ತನ್ನ ಆಲೂಗಡ್ಡೆ ತಿಂದು ಎದ್ದು ಹೋಗುತ್ತಾನೆ. ನಾನು ನನ್ನ ಮೀನು ತಿನ್ನುತ್ತೇನೆ.

ಡಿಸೆಂಬರ್‌ನಲ್ಲಿ ನೀರು ಹಿಡಿಯಲು ಅವನ ಮನೆಗೆ ಹೋಗಲೇಬೇಕಾಯಿತು. ಬಾಗಿಲು ತೆಗೆದ, ನಲ್ಲಿ ಬಿಟ್ಟ. ಐದು ನಿಮಿಷ ಹರಿಯಬೇಕು. ಇಬ್ಬರೂ ಸಿಂಕಿನ ಮುಂದೆ ನಿಂತು ನೀರನ್ನೇ ನೋಡಿದೆವು.

"ಕೂಸು ಹೇಗಿದೆ?"

"ಚೆನ್ನಾಗಿದೆ. ಎರಡು ಹಲ್ಲು ಬಂದಿದೆ."

"ಅಲ್ಲಿಯ ನೀರು?"

"ಒಳ್ಳೇದಿದೆ."

"ಸರಿ ಮತ್ತೆ." ಅವನು ಗಡಿಯಾರ ನೋಡಿದ. ಇನ್ನೂ ಎರಡು ನಿಮಿಷವಿತ್ತು. "ಊರವರೆಲ್ಲರ ಲೆಕ್ಕ ನಿನ್ನ ಹತ್ರ ಇರುತ್ತೆ ಡೋರೀನ್. ಮೂವತ್ತೆಂಟು ಅಂದಿದ್ಯಂತೆ, ಮಿಲೋ ಹೇಳ್ತಿದ್ದ."

"ಹ್ಞೂಂ."

"ಗೇಲನ್ ಕೆಲಸ ಬಿಟ್ಟದ್ದು ಮಾರ್ಚ್‌ನಲ್ಲಿ ಅಲ್ವಾ?"

ನಾನು ಬಾಟಲಿಯ ಮುಚ್ಚಳ ಬಿಚ್ಚಿದೆ.

"ನಿಮ್ಮನೇದು ಯಾವ ಕಡೆ ಅಂತ ನಾನು ಕೇಳಲ್ಲ" ಎಂದ ಎಮಿಲ್. "ಅದೆಲ್ಲ ಕೇಳೋ ಮಾತಲ್ಲ."

ಐದು ನಿಮಿಷವಾಯಿತು. ನಾನು ಬಾಟಲಿ ಹಿಡಿದೆ, ಮುಚ್ಚಳ ತಿರುಗಿಸಿದೆ, ಮೇಲೆ ಅವನ ಹೆಸರು, ತಾರೀಖು ಬರೆದೆ. ಅವನು ಬಾಗಿಲವರೆಗೂ ಬಂದು, ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿದೆ, ಜೋಪಾನ ಎಂದ.