ಒಳತುದಿ

ಮೀಟರಿನ ಮುಳ್ಳು ಹಸಿರಿನ ಮೇಲೆ ಬಂದು ನಿಂತಿತು, ನಲವತ್ತೊಂದನೆಯ ಡ್ರಮ್ಮೂ ಪಾಸು, ಇನ್ನು ನಲವತ್ತೈದು, ಮಧ್ಯಾಹ್ನ ಎರಡು ಗಂಟೆಯೊಳಗೆ ಮುಗಿದರೆ ಲಾರಿ ಹೊರಡುತ್ತದೆ, ನಾಲ್ಕಕ್ಕೆ ಬಂದರಿನ ಗೇಟು ಮುಚ್ಚುವ ಮುಂಚೆ ಮಾಲು ಒಳಗಿರುತ್ತದೆ — ಎಷ್ಟು ನಿಧಾನ ಈ ತಪಾಸಣೆಗಾರ, ಕೊಳ್ಳುವವರ ಕಡೆಯಿಂದ ಸಮುದ್ರ ದಾಟಿ ಬಂದವನು, ಕಹಿ ಮದ್ದು ಕುಡಿದವನ ಹಾಗೆ ಮೂತಿ ಮಾಡಿಕೊಂಡು ಮೀಟರಿನ ಮುಂದೆ ಕೂತಿದ್ದಾನೆ, ಮಾಡಿಕೋ ಮಾರಾಯ, ಬೆಳಿಗ್ಗೆ ನನ್ನ ಮೂತಿ ಹೇಗಿತ್ತೆಂದು ನೀನು ನೋಡಲಿಲ್ಲ. ಒಂದು ಕ್ಲಿಪ್ಪು ಹೊರತುದಿಗೆ, ಒಂದು ಒಳತುದಿಗೆ, ನಡುವೆ ಸುತ್ತಿಕೊಂಡಿರುವ ಅರ್ಧ ಕಿಲೋಮೀಟರ್ ಕೇಬಲ್ಲಿನ ಹೊಟ್ಟೆಯಲ್ಲಿ ಏನಿದೆಯೆಂದು ಮುಳ್ಳು ಹೇಳುತ್ತದೆ, ನಲವತ್ತೆರಡು, ಹಸಿರು. ತುದಿಯ ಆ ಕೆಂಪು ಪ್ಲಾಸ್ಟಿಕ್ ಟೋಪಿಯನ್ನು ಹುಷಾರಾಗಿ ಕತ್ತರಿಸೇ ಕನ್ನಡಕದವಳೇ, ಉಗುರಿನಷ್ಟು ಸಾಕು, ಅಳತೆ ಆದಮೇಲೆ ಹೊಸದು ಹಾಕಿ ಬಿಸಿಗಾಳಿ ಹಿಡಿಯಬೇಕು, ಬಿಗಿಯಾಗಿ ಕಚ್ಚಿಕೊಳ್ಳುವವರೆಗೆ. ಅಮ್ಮನ ಉಲ್ಲನ್ ನೂಲೂ ಇದೇ ಕೆಂಪು. ಹೆಬ್ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡುವಾಗ ಮೊದಲ ತುದಿಯನ್ನು ಬೆರಳ ಸಂದಿಯಲ್ಲಿ ಹೊರಗೇ ಹಿಡಿದುಕೊಂಡಿರುತ್ತಿದ್ದಳು, ಶುರುನ ಹೂತು ಹಾಕ್ಬಾರ್ದು ಕಣೇ, ಬೇಕಾದಾಗ ಕೈಗೆ ಸಿಗ್ಬೇಕು, ಉಂಡೆಯ ಹೊಟ್ಟೆಯೊಳಗಿನಿಂದ ನೂಲು ಸರಸರ ಬರುತ್ತಿತ್ತು, ಉಂಡೆ ಮಾತ್ರ ಕೂತಲ್ಲೇ ಕೂತಿರುತ್ತಿತ್ತು. ಕಾರ್ಖಾನೆಯ ಕೇಬಲ್ ಸುತ್ತುವ ಹಾಲಿಗೆ ಬಂದ ಮೊದಲ ದಿನವೇ ನನ್ನ ಕೈ ಅದನ್ನೇ ಮಾಡಿತು, ಡ್ರಮ್ಮಿನ ಪಕ್ಕದ ಹಲಗೆಗೆ ಒಂದು ತೂತು, ತೂತಿನಿಂದ ಒಳತುದಿ ಒಂದು ಮೊಳ ಹೊರಗೆ, ತಲೆಗೊಂದು ಕೆಂಪು ಟೋಪಿ, ಆಮೇಲೆ ಸುತ್ತು. ಹಾಲಿನ ಹತ್ತೊಂಬತ್ತು ಹೆಂಗಸರಿಗೂ ಅದನ್ನೇ ಕಲಿಸಿದೆ, ಅವರು ನನಗೆ ಮೊಳದಕ್ಕ ಎಂದು ಹೆಸರಿಟ್ಟರು, ಇಟ್ಟುಕೊಳ್ಳಲಿ.

ಮ್ಯಾನೇಜರಿಗೆ ಮಾತ್ರ ಆ ಮೊಳ ಕಣ್ಣು ಕುಕ್ಕಿತು. ಹೋದ ತಿಂಗಳು ಎಲ್ಲರೆದುರು, ಏನಮ್ಮಾ ಇದು, ಡ್ರಮ್ಮಿಗೊಂದು ಮೊಳ ವೇಸ್ಟು, ಇದೇನು ಕೇಬಲ್ಲಾ ಜಡೆನಾ, ನಾಳೆಯಿಂದ ಬಂದ್ ಮಾಡಿ, ಇನ್ನೊಂದ್ಸಲ ಕಂಡ್ರೆ ಮನೇಲಿ ಕೂತ್ಕೊಂಡು ಜಡೆ ಹಾಕ್ಕೊಳ್ಳಿ. ಆಗ್ಲಿ ಸಾರ್ ಎಂದೆ, ಆಗ್ಲಿ ಸಾರ್ ಎನ್ನುವುದಕ್ಕೇನು ಕಷ್ಟ, ತೂತಿರುವ ಪಕ್ಕವನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದೆ, ಅವರ ಕಣ್ಣಿಗೂ ನೆಮ್ಮದಿ, ನನ್ನ ಕೈಗೂ ನೆಮ್ಮದಿ, ನಲವತ್ತೊಂಬತ್ತು, ಹಸಿರು — ಮೊನ್ನೆ ಕಂಟೇನರು ತಡವಾಗದೆ ಇದ್ದಿದ್ದರೆ ಗೋಡೆ ಗುಟ್ಟು ಬಿಡುತ್ತಿರಲಿಲ್ಲ, ಅಂಗಳದಲ್ಲೂ ಗೋಡೆಯ ಕಡೆಗೇ ತಿರುಗಿಸಿಟ್ಟ ಡ್ರಮ್ಮುಗಳು, ಮಳೆ, ಹಾರಿಹೋದ ಟಾರ್ಪಾಲು. ಬೆಳಿಗ್ಗೆ ಈ ತಪಾಸಣೆಗಾರ ಒದ್ದೆ ಹಲಗೆ ಮುಟ್ಟಿ ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ, ಮ್ಯಾನೇಜರು ಅದನ್ನು ನಮಗೆ ತಿರುಗಿಸಿ ಹೇಳಿದರು: ಹೊರತುದಿಗೆ ಟೋಪಿ ಇದೆ ಸರಿ, ಒಳಗಿನ ತುದಿ ಸುರುಳಿಯ ಬುಡದಲ್ಲಿ ಬಾಯಿ ತೆರ್ಕೊಂಡು ಕೂತಿರತ್ತಲ್ಲ, ಅಲ್ಲಿಂದ ನೀರು ಕುಡಿದಿದ್ರೆ? ಎಂಬತ್ತಾರೂ ಬಿಚ್ಚಿ ತೋರಿಸ್ಬೇಕಂತೆ, ಇಲ್ದಿದ್ರೆ ಮಾಲು ಬೇಡ್ವಂತೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ, ಕಪ್ಪು ಸಿಪ್ಪೆಯೊಳಗಿನ ತಂತಿಯ ಜಾಲರಿಗೆ ಒಂದು ಹನಿ ಸಿಕ್ಕರೂ ಬತ್ತಿ ಎಣ್ಣೆ ಎಳೆದ ಹಾಗೆ ಉದ್ದಕ್ಕೂ ಎಳೆದುಕೊಳ್ಳುತ್ತದೆ, ಆಮೇಲೆ ಯಾವ ಟೀವಿಯಲ್ಲೂ ಚಿತ್ರ ನಿಲ್ಲುವುದಿಲ್ಲ. ಆದರೆ ಎಂಬತ್ತಾರು ಬಿಚ್ಚಿ ಸುತ್ತಲು ಒಂದು ವಾರ, ಹಡಗು ಇವತ್ತು, ಈ ಆರ್ಡರು ಹೋದರೆ ಸುತ್ತುವ ಹಾಲಿಗೆ ಬೀಗವೆಂದು ಮಾಲೀಕರು ಮೊದಲೇ ಹೇಳಿದ್ದಾರೆ.  ಬಾಯಿ ಬಿಟ್ಟರೆ ಮಾತು ಮೀರಿದ್ದಕ್ಕೆ ನಾನೊಬ್ಬಳು ಮನೆಗೆ, ಬಿಡದಿದ್ದರೆ ಹತ್ತೊಂಬತ್ತು ಜನವೂ ನನ್ನ ಹಿಂದೆಯೇ, ಕನ್ನಡಕದವಳು ಪಕ್ಕದಲ್ಲಿ ನಿಂತು ಸೊಂಟ ತಿವಿಯುತ್ತಿದ್ದಳು, ಹೇಳಕ್ಕಾ, ಹೇಳು. ನಾನು ಹೋಗಿ ಮೊದಲ ಡ್ರಮ್ಮಿಗೆ ಹೆಗಲು ಕೊಟ್ಟು ಗರಗರನೆ ತಿರುಗಿಸಿದೆ.

ತೂತಿನಿಂದ ಕೆಂಪು ಟೋಪಿ ಇಣುಕಿತು. ಮ್ಯಾನೇಜರ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗ, ಒಂದು ನಿಮಿಷ ಅತ್ತ ನೋಡಿದರು, ಇತ್ತ ನೋಡಿದರು, ಆಮೇಲೆ ತಪಾಸಣೆಗಾರನ ಕಡೆ ತಿರುಗಿ ಎದೆಯುಬ್ಬಿಸಿ ಏನೇನೋ ಹೇಳಿದರು, ನಮ್ಮಲ್ಲಿ ಇದು ಮೊದಲಿಂದ್ಲೂ ಪದ್ಧತಿ ಎಂದೇ ಹೇಳಿರಬೇಕು, ಕೈ ಹಾಗೆ ಬೀಸುತ್ತಿತ್ತು, ಹೇಳಲಿ ಬಿಡು, ಎರಡೂ ತುದಿ ಕೈಗೆ ಸಿಕ್ಕರೆ ಬಿಚ್ಚುವುದು ಬೇಡ, ಮೀಟರು ಸಾಕಂತೆ, ಜಡೆಗೆ ಕೊನೆಗೂ ಮರ್ಯಾದೆ ಸಿಕ್ಕಿತಲ್ಲ — ಎಂಬತ್ತು, ಎಂಬತ್ತೊಂದು, ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ, ಎಂಬತ್ತೈದು, ಎಂಬತ್ತಾರು, ಹಸಿರು! ಕನ್ನಡಕದವಳು ಅಳುತ್ತಿದ್ದಾಳೆ, ಹುಚ್ಚಿ, ನಗು. ತಪಾಸಣೆಗಾರ ಮುದ್ರೆ ಒತ್ತಿ ಎದ್ದುಬಂದ, ಟೋಪಿ ಇನ್ನೂ ಹಾಕದ ಆ ಕೊನೆಯ ತುದಿಯನ್ನು ಬೆರಳಲ್ಲಿ ಮುಟ್ಟಿದ, ನನ್ನನ್ನು ನೋಡಿ ತಲೆಬಾಗಿದ, ಮ್ಯಾನೇಜರನ್ನಲ್ಲ, ನನ್ನನ್ನು. ಸಾರ್ ಈಗ ಹತ್ತಿರ ಬಂದು ದನಿ ತಗ್ಗಿಸಿ, ಇದನ್ನ ಯಾರು ಹೇಳ್ಕೊಟ್ಟಿದ್ದಮ್ಮಾ ನಿಮಗೆ, ಎನ್ನುತ್ತಿದ್ದಾರೆ, ಯಾರು ಎಂದರೆ ಅಮ್ಮ, ಕುರ್ಚಿಯಲ್ಲಿ ಕಾಲು ಮಡಿಚಿ ಕೂತು, ಕೇಬಲ್ಲೆಂದರೇನೆಂದೇ ಗೊತ್ತಿಲ್ಲದೆ, ನನ್ನ ಸ್ವೆಟರಿಗೆ ನೂಲು ಸುತ್ತುತ್ತಿದ್ದವಳು, ಸುತ್ತುತ್ತಲೇ ಇದ್ದಾಳೆ, ಉಂಡೆ ದಪ್ಪವಾಗುತ್ತಿದೆ, ಅವಳ ಬೆರಳ ಸಂದಿಯಲ್ಲಿ ಆ ತುದಿ, ಕೆಂಪಗೆ, ಹೊರಗೇ